ಹೋಲ್ಡಾನ್

ಶಿವರಾಂಪೇಟೆಯ ಈ ಗಲ್ಲಿಯಲ್ಲಿ
ಪುಟಕ್ಕೆ ಮೂವತ್ತು ರೂಪಾಯಿಯಂತೆ
ಬೇರೆಯವರ ಜೀವನ ಟೈಪು ಮಾಡುತ್ತೇನೆ.

ಹೋದ ವರ್ಷ ಒಬ್ಬ ನಿವೃತ್ತ ಸೂಪರಿಂಟೆಂಡೆಂಟು
ಇನ್ನೂರ ಹನ್ನೆರಡು ಪುಟ ಅತ್ತರು.
ಪ್ರಮೋಷನ್ನು ಎರಡು ವರ್ಷ ತಡವಾಗಿತ್ತು, ಅಷ್ಟೆ.
ಆ ಪುಸ್ತಕದಲ್ಲಿ ಒಂದು ನಾಯಿಯೂ ಬಾಲ ಅಲ್ಲಾಡಿಸಲಿಲ್ಲ.

ಈ ಸಲ ಫುರ್ಬು ತಾತ.
ಬೈಲಕುಪ್ಪೆಯಿಂದ ಗುರುವಾರ ಗುರುವಾರ ಬರುತ್ತಾರೆ,
ಬಗಲಲ್ಲಿ ರೂಲು ಹಾಕಿದ ನೋಟ್‌ಬುಕ್ಕು, ಕೈಯಲ್ಲಿ ಛತ್ರಿ.
"ನಮ್ಮ ಭಾಷೇಲಿ ಫುರ್ಬು ಅಂದ್ರೇ ಗುರುವಾರ ಕಣಮ್ಮ,
ಬೇರೆ ದಿನ ಬಂದ್ರೆ ಸುಳ್ಳಾಗ್ತೀನಿ."

ಅವರು ಓದುತ್ತಾರೆ, ನಾನು ಬಡಿಯುತ್ತೇನೆ.
ಹನ್ನೊಂದು ವರ್ಷದ ಹುಡುಗ ಹಿಮದಿಂದ ಇಳಿದು
ಪಿರಿಯಾಪಟ್ಟಣದ ಬಿದಿರು ಮೆಳೆಯೊಳಗೆ ಬಂದು ಬಿದ್ದದ್ದು,
ಟೆಂಟು, ಜ್ವರ, ಮೆಕ್ಕೆಜೋಳ.
ಮಾರ್ಚಿಯ ಬಿಸಿಲಲ್ಲೂ ಅವರಮ್ಮ
ಕುರಿಚರ್ಮದ ಕೋಟು ಬಿಚ್ಚಲಿಲ್ಲವಂತೆ:
ಮುಂದಿನ ತಿಂಗಳು ವಾಪಸ್ಸು ಹೋಗೋದೇ ತಾನೆ,
ಯಾರು ಮಡಚಿಡ್ತಾರೆ ಅದನ್ನ.
ಹದಿನಾಲ್ಕನೇ ವರ್ಷ ಕೋಟು ಹಸುವಿನ ಮೈಗೆ ಬಂತು.
"ಇಡೀ ತಾಲ್ಲೂಕಲ್ಲಿ ಕೋಟು ಹಾಕ್ಕೊಂಡು ಹಾಲು ಕೊಡೋ ಹಸು
ನಮ್ಮದೊಂದೇ."

ಪಕ್ಕದ ಊರಿನ ಪುಟ್ಟಮಾದಮ್ಮ ಕೊಟ್ಟ ರಾಗಿಮುದ್ದೆ
ಅಗಿದೂ ಅಗಿದೂ ದವಡೆ ಹಿಡಿದುಕೊಂಡಾಗ
"ಅಗೀಬ್ಯಾಡ ಕಣ್ಲಾ, ನುಂಗು" ಅಂದಳಂತೆ.
"ನುಂಗೋದು ನಮಗೆ ಬರ್ತಿತ್ತು,
ಸಾರಿನ ಜೊತೆ ಅಂತ ಗೊತ್ತಿರಲಿಲ್ಲ."
ನಕ್ಕೆ. ಎರಡು ಸಾಲು ಮುಂದೆ ಹೋದಮೇಲೆ
ಬೆರಳು ಬೇರೆ ಅಕ್ಷರಕ್ಕೆ ಬಿತ್ತು.

ಕನ್ನಡ ಕಲಿಸಿದ್ದು ಕಂಡಕ್ಟರ್ ಬೋರಣ್ಣ,
ಬಸ್ಸಿನ ಕಿಟಕಿಗೆ ಬೇಯಿಸಿದ ಜೋಳ
ಎತ್ತಿ ಹಿಡಿಯುತ್ತಿದ್ದ ಹುಡುಗನಿಗೆ.
ಮುಂದೆ ಹೋಗಿ, ಚಿಲ್ಲರೆ ಕೊಡಿ, ರೈಟ್ ರೈಟ್, ಹೋಲ್ಡಾನ್.
ಮೇಷ್ಟರಿಗೆ ನಮಸ್ಕಾರದ ಬದಲು 'ಚಿಲ್ಲರೆ ಕೊಡಿ' ಅಂದು
ಕಿವಿ ಹಿಂಡಿಸಿಕೊಂಡದ್ದು.
ಹೊಲಕ್ಕೆ ನುಗ್ಗಿದ ಆನೆಗೆ ಡಬ್ಬ ಬಡಿಯುತ್ತ
'ಮುಂದೆ ಹೋಗಿ ಸ್ವಾಮಿ, ಮುಂದೆ ಜಾಗ ಇದೆ' ಅಂತ ಕೂಗಿದ್ದು.
ಹೋಯಿತಂತೆ ಆನೆ.
"ಟಿಕೀಟು ತಗೊಳ್ಳದೆ."
ಪಕ್ಕದ ಝೆರಾಕ್ಸ್ ಅಂಗಡಿ ಹುಡುಗ
ಗಿರಾಕಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ.

ಆಮೇಲೆ ದಾವಾ. ತಂಗಿ. ದಾವಾ ಅಂದರೆ ಸೋಮವಾರ.
ನಾಲ್ಕು ವರ್ಷ. ಮೈ ಅನ್ನೋದು ಕಾದ ಕಾವಲಿ.
ಬೆನ್ನಿಗೆ ಕಟ್ಟಿಕೊಂಡು ಅದೇ ಬೋರಣ್ಣನ ಬಸ್ಸಲ್ಲಿ
ಮೈಸೂರಿನ ದೊಡ್ಡಾಸ್ಪತ್ರೆಗೆ ತಂದ.
ಏನಾಯ್ತು ಅಂತ ಡಾಕ್ಟರು ಕೇಳಿದಾಗ
ಬಾಯಲ್ಲಿ ಇದ್ದ ಕನ್ನಡ ಅಷ್ಟೆ.
ಮಗುವಿನ ಕಣ್ಣಾಲಿ ಮೇಲೆ ಮೇಲೆ ಹೋಗುತ್ತಿತ್ತು.
'ಹೋಲ್ಡಾನ್' ಅಂದ. ಜೋರಾಗಿ.
'ಹೋಲ್ಡಾನ್.'

ವಾರ್ಡಿಗೆ ವಾರ್ಡೇ ನಕ್ಕಿತಂತೆ.
"ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು. ಒಳ್ಳೇವ್ರು.
ನಾನೂ ನಕ್ಕೆ, ಎಲ್ರೂ ನಗ್ತಿದ್ರಲ್ಲ.
ಓದೋರಿಗೆ ಇಲ್ಲಿ ನಗು ಬರ್ಬೇಕು, ಹಂಗೆ ಹೊಡಿ."

ಆ ಫಾಂಟು ನನ್ನ ಹತ್ತಿರ ಇಲ್ಲ ತಾತ,
ಅನ್ನಲು ಹೋದೆ. ಅನ್ನಲಿಲ್ಲ.
ಕರ್ಸರು ಮಿಣುಕುತ್ತಲೇ ಇತ್ತು.
ಅವರು ಆಗಲೇ ಮುಂದಿನ ಪುಟದಲ್ಲಿದ್ದರು,
ಸ್ವೆಟರು ಮಾರಲು ಹೋಗಿ ಬೆವರುತ್ತ ಕೂತ ಕಥೆ.

ಮುಂದಿನ ಗುರುವಾರ ಪ್ರೂಫು ವಾಪಸ್ಸು ಬಂತು.
ದೀರ್ಘ ಬಿಟ್ಟದ್ದು, ಒತ್ತು ತಪ್ಪಿದ್ದು, ಯಾವುದಕ್ಕೂ ತಕರಾರಿಲ್ಲ.
ಒಂದೇ ಕಡೆ ಕೆಂಪು ಶಾಯಿ:
'ಎರಡು ಸಲ ಹೊಡೆದಿದ್ದೀಯ. ನಾನು ಅಂದದ್ದು ಏಳು.'

ಏಳು ಹಾಕಿದರೆ ಸಾಲು ಮುರಿಯುತ್ತೆ ತಾತ,
ಪುಟ ಮುಂದಕ್ಕೆ ಹಾರುತ್ತೆ.
"ಹಾರ್ಲಿ ಬಿಡಮ್ಮ," ಛತ್ರಿ ಎತ್ತಿಕೊಂಡರು,
"ನಿನಗೂ ಮೂವತ್ತು ರೂಪಾಯಿ ಆಯ್ತಲ್ಲ."

ಮೂರೂವರೆ ಬಸ್ಸಿಗೆ ಹೊರಟರು.
ಇನ್ನೂ ಐದು ಸಲ ಬೇಕಿತ್ತು.
ಕಾಪಿ ಪೇಸ್ಟ್ ಮಾಡಲಿಲ್ಲ.